ಎರಡನೇ 'ಕ್ರಿಸ್‌ಮಸ್ ಪ್ರಿನ್ಸ್' ಯಾಕೆ ಇಷ್ಟು ಸಪ್ಪೆ? ಮೂರನೇದು ನೋಡಬಹುದಾ?

ತೋಟದ ರೈಟರ್, ಸುಂಟಿಕೊಪ್ಪ:

ನೆಟ್‌ಫ್ಲಿಕ್ಸ್‌ನ 'ಎ ಕ್ರಿಸ್‌ಮಸ್ ಪ್ರಿನ್ಸ್' ಮತ್ತು ಅದರ ಎರಡನೇ ಭಾಗ 'ದ ರಾಯಲ್ ವೆಡ್ಡಿಂಗ್' ಎರಡನ್ನೂ ನೋಡಿದವರು ಯಾರಾದ್ರೂ ಇದ್ದೀರಾ? ಮೊದಲನೆಯದು 2017ರದ್ದು, ಎರಡನೆಯದು 2018ರ ನವೆಂಬರ್ ಕೊನೆಗೆ ಬಂದದ್ದು. ಹಳೇ ಸಿನಿಮಾ ಅಂತ ಗೊತ್ತು. ನಮ್ಮನೆಗೆ ಈಗ ಬಂದು ತಲುಪಿದೆ. ಮಗಳು ಮೈಸೂರಿನಿಂದ ರಜೆಗೆ ಬಂದಿದ್ದಾಳೆ, ರಿಮೋಟ್ ಅವಳ ಕೈಯಲ್ಲಿದೆ.

ನನ್ನ ಪ್ರಶ್ನೆ ಇಷ್ಟೇ. ಮೊದಲನೆಯದೂ ಪೆದ್ದು ಸಿನಿಮಾನೇ. ಆದರೂ ಕೊನೇವರೆಗೆ ಕೂತು ನೋಡಿದೆ. ಮಧ್ಯೆ ಕರೆಂಟ್ ಹೋದಾಗ ಮೊದಲು 'ಅಯ್ಯೋ' ಅಂದವನು ನಾನೇ. ಎರಡನೆಯದರಲ್ಲಿ ಅದೇ ಅರಮನೆ, ಅದೇ ಹಿಮ, ಅದೇ ಜೋಡಿ. ಅರ್ಧ ಗಂಟೆಗೆಲ್ಲ ಆಕಳಿಕೆ ಶುರುವಾಯ್ತು. ಇದು ನನಗೊಬ್ಬನಿಗೇನಾ?

ನೋಡದವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಆಂಬರ್ ಅಂತ ನ್ಯೂಯಾರ್ಕಿನ ಪತ್ರಿಕೆ ಹುಡುಗಿ. ಆಲ್ಡೋವಿಯ ಅನ್ನೋ ದೇಶಕ್ಕೆ ರಾಜಕುಮಾರ ರಿಚರ್ಡ್ ಬಗ್ಗೆ ಬರೆಯೋಕೆ ಹೋಗುತ್ತಾಳೆ. ಆ ಹೆಸರಿನ ದೇಶ ಎಲ್ಲೂ ಇಲ್ಲ. ಅರಮನೆ ಮಾತ್ರ ನಿಜವಾದದ್ದು, ರೊಮೇನಿಯದ ಪೆಲೆಶ್ ಕೋಟೆ. ಅಲ್ಲಿನ ರಾಜ ಒಂದನೇ ಕಾರೊಲ್ ಕಟ್ಟಿಸಿದ್ದು, 1883ರಲ್ಲಿ ಗೃಹಪ್ರವೇಶ ಆಗಿದ್ದು. ಇರಲಿ. ಅರಮನೆಯವರು ಆಂಬರ್‌ಳನ್ನು ಪುಟ್ಟ ರಾಜಕುಮಾರಿ ಎಮಿಲಿಗೆ ಪಾಠ ಹೇಳಿಕೊಡೋ ಟೀಚರ್ ಅಂದುಕೊಳ್ಳುತ್ತಾರೆ. ಇವಳೂ ಹೌದು ಅಂದುಬಿಡುತ್ತಾಳೆ. ಅಲ್ಲಿಗೆ ಸುಳ್ಳು ಶುರು. ಎಮಿಲಿಗೆ ಗೊತ್ತಾದಾಗ ಎದೆ ಢವಢವ. ಪಟ್ಟಾಭಿಷೇಕ ಕ್ರಿಸ್‌ಮಸ್ ಹಿಂದಿನ ದಿನವೇ ಆಗಬೇಕು ಅನ್ನೋ ಗಡುವು ಬೇರೆ. ರಿಚರ್ಡ್ ದತ್ತುಮಗ ಅನ್ನೋ ಕಾಗದ ಇವಳ ಕೈಗೇ ಸಿಗುತ್ತದೆ. ಹೇಳಿದರೆ ಅವನ ಪಟ್ಟ ಹೋಗುತ್ತದೆ, ಹೇಳದಿದ್ದರೆ ತನ್ನ ಸುಳ್ಳು ಇನ್ನೂ ಬೆಳೆಯುತ್ತದೆ. ಪೆದ್ದಾದರೂ ಕಥೆಗೆ ಬೆನ್ನುಮೂಳೆ ಇದೆ, ಅಲ್ವಾ?

ಎರಡನೆಯದರಲ್ಲಿ ಏನಿದೆ? ಇಬ್ಬರಿಗೂ ನಿಶ್ಚಯ ಆಗಿದೆ. ಮದುವೆಗೆ ಯಾರ ಅಡ್ಡಿಯೂ ಇಲ್ಲ. ಗೌನ್ ಹೀಗಿರಬೇಕು, ಹಾಗಿರಬೇಕು. ಬ್ಲಾಗ್ ಬರೀಬಾರದು. ಹೀಗೆ ನಿಲ್ಲಬೇಕು, ಹಾಗೆ ಕೂರಬೇಕು. ರಾಜ ರಿಚರ್ಡ್ ಪಾಪ, ಕಡತ ಹಿಡಿದುಕೊಂಡು ಮುಖ ಸಣ್ಣ ಮಾಡಿಕೊಂಡಿರುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು 'ಸಾರಿ' ಹೇಳಿಕೊಳ್ಳೋದರಲ್ಲೇ ಸಿನಿಮಾ ಮುಗಿಯುತ್ತದೆ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಡೆ. ಇದರೊಳಗೆ ಒಂದು ಒಳ್ಳೇ ಕಥೆ ಸುಮ್ನೆ ಬಿದ್ದಿತ್ತು. ದೇಶ ಸುಧಾರಿಸೋಕೆ ಅಂತ ರಾಜ ದೊಡ್ಡ ಯೋಜನೆ ಹಾಕಿರುತ್ತಾನೆ. ಅದರ ದುಡ್ಡು ಎಲ್ಲೋ ಸೋರಿಹೋಗುತ್ತಿರುತ್ತದೆ. ಕೆಲಸಗಾರರಿಗೆ ಸಂಬಳ ಇಲ್ಲ. ಮುಷ್ಕರ ಆಗುತ್ತದೆ. ಕ್ರಿಸ್‌ಮಸ್ ಎದುರಿಗಿದೆ. ಅರಮನೆಯಲ್ಲಿ ಮದುವೆ, ಊರಲ್ಲಿ ಕೂಲಿ ಇಲ್ಲ! ಇದಕ್ಕಿಂತ ಏನು ಬೇಕು ಕಥೆಗೆ? ಆದರೆ ಸಿನಿಮಾದವರಿಗೆ ಅದು ಬೇಡ. ಕೆಲಸಗಾರರನ್ನು ಒಂದೆರಡು ಸಲ ದೂರದಿಂದ ತೋರಿಸಿ, ಮತ್ತೆ ಹೂವಿನ ಅಲಂಕಾರಕ್ಕೆ ಓಡುತ್ತಾರೆ.

ನಾನು ಕಾಫಿ ತೋಟದ ರೈಟರ್. ಕೂಲಿ ಲೆಕ್ಕ ಬರೆಯೋದೇ ನನ್ನ ಹೊಟ್ಟೆಪಾಡು. ಈಗ ಅರೇಬಿಕಾ ಕೊಯ್ಲು. ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಹಣ್ಣಿನ ಚೀಲಗಳು ತೋಟದ ರಸ್ತೆ ಬದಿಗೆ ಸಾಲಾಗಿ ಬರುತ್ತವೆ. ಮೇಸ್ತ್ರಿ ಚೀಲವನ್ನು ತಕ್ಕಡಿ ಕೊಕ್ಕೆಗೆ ಸಿಕ್ಕಿಸಿ ಕಿಲೋ ಕೂಗುತ್ತಾರೆ, ನಾನು ಹೆಸರಿನ ಮುಂದೆ ಬರೆಯುತ್ತೇನೆ. ಮುಳ್ಳು ನಿಲ್ಲೋ ಮೊದಲೇ ಕೂಗಿದರೆ ಮುಗೀತು. 'ಇನ್ನೊಂದ್ಸಲ ಹಾಕಿ' ಅಂತ ಚೀಲದ ಪಕ್ಕದಿಂದಲೇ ದನಿ ಬರುತ್ತದೆ. ಅರ್ಧ ಕಿಲೋಗೆ ಐದು ನಿಮಿಷ ವಾದ. ಓದು ಬರಹ ಬಾರದ ಹೆಂಗಸರೂ ಬಟವಾಡೆ ದಿನ ತಮ್ಮ ವಾರದ ಮೊತ್ತ ಬಾಯಲ್ಲೇ ಹೇಳುತ್ತಾರೆ. ನನ್ನ ಪುಸ್ತಕದಲ್ಲಿ ಬೇರೆ ಬಂದರೆ ಪುಸ್ತಕವನ್ನೇ ಮತ್ತೆ ಕೂಡಿಸಬೇಕು. ಅಸ್ಸಾಮಿನಿಂದ ಬಂದ ಹುಡುಗರಿಗೆ ಕನ್ನಡ ಬಾರದು, ಆದರೆ ಕಿಲೋ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ.

2016ರ ನವೆಂಬರ್‌ನಲ್ಲಿ ಐನೂರು, ಸಾವಿರದ ನೋಟು ರದ್ದಾದದ್ದು ನೆನಪಿದೆಯಾ? ಸರಿಯಾಗಿ ಕೊಯ್ಲಿನ ಹೊತ್ತು. ವಾರದ ಬಟವಾಡೆಗೆ ಚಿಲ್ಲರೆ ಇಲ್ಲ. ಸಂಬಳ ತಡ ಅನ್ನೋದು ನಾನು ಬಾಯಿ ಬಿಡೋ ಮೊದಲೇ ಕೆಲಸಗಾರರ ಲೈನ್ ಮನೆಗಳಿಗೆ ಗೊತ್ತಾಗಿತ್ತು. ಮರುದಿನ ಪೇಟೆಯ ದಿನಸಿ ಅಂಗಡಿಯವರಿಗೂ ಗೊತ್ತು. ಕೂಲಿ ನಿಂತರೆ ಸುದ್ದಿ ಹಾಗೆ ಹರಡುತ್ತದೆ. ಆಲ್ಡೋವಿಯದಲ್ಲಿ ಇಡೀ ದೇಶದ ಕೆಲಸಗಾರರಿಗೆ ಸಂಬಳ ಇಲ್ಲ, ಯಾಕೆ ಅಂತ ರಾಜನಿಗೆ ಗೊತ್ತಿಲ್ಲ! ಆ ಅರಮನೆಯಲ್ಲಿ ಒಬ್ಬ ರೈಟರ್ ಇಲ್ವಾ? ಚೆಕ್‌ರೋಲ್, ಅಂದರೆ ಹಾಜರಿ-ಕೂಲಿ ಪುಸ್ತಕ, ನೋಡೋರೇ ಇಲ್ವಾ?

ಆಮೇಲೆ ಕಳ್ಳ ಯಾರು ಅಂತ ಗೊತ್ತಾಗೋದು ಹೇಗೆ? ಮದುಮಗಳು, ಅವಳ ಗೆಳೆಯರು, ಪುಟ್ಟ ಎಮಿಲಿ ಸೇರಿ ಕಂಪ್ಯೂಟರ್ ಕುಟ್ಟುತ್ತಾರೆ, ಗೊತ್ತಾಗಿಬಿಡುತ್ತದೆ. ಕೆಲಸಗಾರರ ಹತ್ತಿರ ಕೂತು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಮ್ಮ ಮೇಸ್ತ್ರಿಯನ್ನು ಕಳಿಸಿದ್ದರೆ ಒಂದು ಚಹಾ ಕುಡಿಯೋ ಹೊತ್ತಲ್ಲಿ ಹೇಳುತ್ತಿದ್ದರು.

ಮಗಳು ಮೂರನೆಯದನ್ನೂ ನೋಡೋಣ ಅನ್ನುತ್ತಿದ್ದಾಳೆ. ನೋಡಬಹುದಾ? ನೋಡಿದವರು ಹೇಳಿ. ಕಥೆ ಹೇಳಿದರೂ ಬೇಜಾರಿಲ್ಲ.

ಗೋದಲಿ ಮನೆ, ವಿರಾಜಪೇಟೆ:

ರೈಟರ್ ಅಣ್ಣ, ನಿಮಗೊಬ್ಬರಿಗೇ ಅಲ್ಲ. ನಮ್ಮನೆಯಲ್ಲಿ ಪ್ರತಿ ಡಿಸೆಂಬರ್ ಮೊದಲನೆಯದನ್ನು ಹಾಕುತ್ತೇವೆ. ನೆವ್ರಿ (ಕರ್ಜಿಕಾಯಿ) ಮಡಚೋಕೆ ನಾಲ್ಕು ಜನ ಮೇಜಿನ ಸುತ್ತ ಕೂತಾಗ ಏನಾದರೂ ಓಡುತ್ತಿರಬೇಕಲ್ಲ. ಎರಡನೆಯದನ್ನು ಒಂದು ವರ್ಷ ಹಾಕಿದೆವು. ಅತ್ತೆಯೇ ಎದ್ದು ಹೋಗಿ ಕ್ಯಾರಲ್ ಹಾಡು ಹಾಕಿದರು.

ನೀವು ಕೂಲಿ ವಿಷಯ ಹೇಳಿದಿರಿ. ನನಗೆ ಅನಿಸಿದ್ದು ಕ್ರಿಸ್‌ಮಸ್ ವಿಷಯ. ಮೊದಲ ಸಿನಿಮಾದಲ್ಲಿ ಹಬ್ಬ ಕಥೆಯೊಳಗೆ ಇದೆ. ಪಟ್ಟಾಭಿಷೇಕದ ಗಡುವು ಹಬ್ಬದ ಹಿಂದಿನ ದಿನಕ್ಕೆ. ತೀರಿಹೋದ ರಾಜ ತನ್ನ ಕೈಯಾರೆ ಮಾಡಿದ ಓಕ್ ಕಾಯಿ ಆಕಾರದ ಅಲಂಕಾರ ಮರದಲ್ಲಿ ತೂಗುತ್ತಿರುತ್ತದೆ. ಕೊನೆಗೆ ರಿಚರ್ಡ್‌ನನ್ನು ಕಾಪಾಡೋ ಕಾಗದ ಸಿಗೋದು ಅದರೊಳಗೇ. ಅಂದರೆ ಕ್ರಿಸ್‌ಮಸ್ ಮರ ತೆಗೆದರೆ ಸಿನಿಮಾನೇ ಇಲ್ಲ. ನಾನು ಅದನ್ನು ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಕೂತಿದ್ದೆ.

ಎರಡನೆಯದರಲ್ಲಿ ಕ್ರಿಸ್‌ಮಸ್ ತೆಗೆದು ಯುಗಾದಿ ಇಟ್ಟರೂ ಏನೂ ಬದಲಾಗೋದಿಲ್ಲ. ಮರ ಇದೆ, ದೀಪ ಇದೆ, ಹಿಮ ಇದೆ. ಎಲ್ಲಾ ಹಿಂದೆ ನಿಂತಿವೆ. ನಮ್ಮಲ್ಲಿ ಒಂದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಕಟ್ಟೋಕೆ ಎಷ್ಟು ಜಗಳ ಗೊತ್ತಾ? ಪಾಚಿ ಎಲ್ಲಿಂದ ತರೋದು, ನಕ್ಷತ್ರ ಯಾವ ಕಡೆ ಹಾಕೋದು, ಕಳೆದ ವರ್ಷ ಮುರಿದ ಕುರಿಮರಿಯನ್ನು ಮತ್ತೆ ಇಡೋದಾ ಬೇಡವಾ. ಅಷ್ಟು ಕೂಡಾ ಅರಮನೆಯಲ್ಲಿ ಇಲ್ಲ.

ಇನ್ನೊಂದು. ಆಂಬರ್‌ಳ ಅಪ್ಪ ರೂಡಿ ಇದ್ದಾರಲ್ಲ, ಎರಡನೆಯದರಲ್ಲಿ ಅಪ್ಪನೇ ಬದಲು! ಮೊದಲನೆಯದರಲ್ಲಿ ಡೇನಿಯಲ್ ಫಾದರ್ಸ್, ಆಮೇಲೆ ಜಾನ್ ಗ್ವೆರಾಸಿಯೊ. ನಮ್ಮ ಧಾರಾವಾಹಿಗಳಲ್ಲಾದರೆ 'ಇನ್ನು ಮುಂದೆ ಈ ಪಾತ್ರದಲ್ಲಿ' ಅಂತ ಒಂದು ಸಾಲು ಹಾಕುತ್ತಾರೆ. ಇಲ್ಲಿ ಏನೂ ಆಗದ ಹಾಗೆ ಬಂದು ಮಗಳನ್ನು ತಬ್ಬಿಕೊಳ್ಳುತ್ತಾರೆ. ಮೊದಲ ಸಿನಿಮಾದ ಕೊನೆಗೆ ರಿಚರ್ಡ್ ನ್ಯೂಯಾರ್ಕಿಗೆ ಬಂದು ಮದುವೆ ಕೇಳಿದ್ದು ಈ ಅಪ್ಪನ ಹೋಟೆಲಿನಲ್ಲಿ. ಆ ಮುಖ ಮನಸ್ಸಲ್ಲಿ ಕೂತಿತ್ತು ನನಗೆ.

ಹಗಲುಗನಸು, ಮೂರ್ನಾಡು:

ನೀವೆಲ್ಲಾ ಜಾಸ್ತಿ ಯೋಚನೆ ಮಾಡ್ತೀರಪ್ಪ. ಕಂಬಳಿ ಹೊದ್ದು, ಕಾಫಿ ಹಿಡಿದು, ತಲೆ ಓಡಿಸದೆ ನೋಡೋ ಸಿನಿಮಾ ಇದು. 2017ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನವರೇ ಟ್ವೀಟ್ ಮಾಡಿದ್ದರು. ಹದಿನೆಂಟು ದಿನ ದಿನಾ ಬಿಡದೆ ಮೊದಲನೆಯದನ್ನು ನೋಡಿದ 53 ಜನ ಇದ್ದಾರೆ, ಯಾರಪ್ಪಾ ನಿಮ್ಮ ಮನಸ್ಸು ನೋಯಿಸಿದ್ದು ಅಂತ. ಆ 53ರಲ್ಲಿ ನಾನೊಬ್ಬಳಿರಬಹುದು ಅಂತ ನನ್ನ ತಂಗಿಗೆ ಈಗಲೂ ಅನುಮಾನ.

ತೋಟದ ರೈಟರ್, ಸುಂಟಿಕೊಪ್ಪ:

ಮೂರ್ನಾಡಿನ ತಂಗಿ, ತಲೆ ಓಡಿಸದೆ ನೋಡೋ ಸಿನಿಮಾಗೆ ನನ್ನ ತಕರಾರಿಲ್ಲ. ಮೊದಲನೆಯದನ್ನು ಹಾಗೇ ನೋಡಿದೆ. ಕಾಡಲ್ಲಿ ತೋಳ ಬಂದಾಗ ರಾಜಕುಮಾರ ಕುದುರೆ ಮೇಲೆ ಬಂದು ಕಾಪಾಡ್ತಾನೆ, ಅದನ್ನೂ ನಂಬಿದೆ. ತಲೆ ಓಡಿಸಬೇಡಿ ಅನ್ನೋದಾದರೆ ಕಥೆಯಾದರೂ ಓಡಬೇಕಲ್ಲ.

ಗೋದಲಿ ಮನೆ ಅಕ್ಕ ಹೇಳಿದ್ದು ಸರಿ. ಆ ಓಕ್ ಕಾಯಿ ವಿಷಯ ನಾನು ಹಾಗೆ ಯೋಚಿಸಿರಲಿಲ್ಲ. ಅಪ್ಪ ಬದಲಾದದ್ದನ್ನು ನಮ್ಮನೆಯಲ್ಲಿ ಮೊದಲು ಹಿಡಿದದ್ದು ನನ್ನ ಹೆಂಡತಿ. 'ಇವರು ಯಾರ ಕಡೆಯವರು?' ಅಂತ ಕೇಳಿದಳು.

ನಿರ್ದೇಶಕರೂ ಬದಲು ಅಂತೆ. ಮೊದಲನೆಯದು ಅಲೆಕ್ಸ್ ಜ್ಯಾಮ್, ಎರಡನೆಯದು ಜಾನ್ ಶುಲ್ಟ್ಸ್. ಅದಕ್ಕೇ ಹೀಗಾಯ್ತು ಅನ್ನುತ್ತಾಳೆ ಮಗಳು. ನನಗೆ ಹಾಗನಿಸೋದಿಲ್ಲ. ಮುಖ್ಯ ನಟರು ಹಾಗೇ ಇದ್ದಾರೆ. ಆಂಬರ್ ಪಾತ್ರದ ರೋಸ್ ಮ್ಯಾಕ್‌ಐವರ್ ನಕ್ಕರೆ ಈಗಲೂ ಚೆಂದ. ಮಾಡೋಕೆ ಅವಳಿಗೇನೂ ಕೊಟ್ಟಿಲ್ಲ, ಅಷ್ಟೇ. ಮೊದಲನೆಯದರಲ್ಲಿ ಅವಳು ಸುಳ್ಳು ಹೇಳುತ್ತಿದ್ದಳು, ಹೆದರುತ್ತಿದ್ದಳು, ಕದ್ದು ಬರೆಯುತ್ತಿದ್ದಳು. ಇಲ್ಲಿ ಬೇಜಾರು ಮಾಡಿಕೊಳ್ಳುತ್ತಾಳೆ. ಬೇಜಾರು ಮಾಡಿಕೊಂಡವರನ್ನು ಒಂದೂವರೆ ಗಂಟೆ ನೋಡೋದು ಕಷ್ಟ.

ನೆರಿಗೆ ಅಕ್ಕ, ಪೊನ್ನಂಪೇಟೆ:

ನಾನು ಮದುಮಗಳಿಗೆ ಕೊಡವ ಸೀರೆ ಉಡಿಸೋ ಕೆಲಸ ಮಾಡುತ್ತೇನೆ. ಹಾಗಾಗಿ ಎರಡನೇ ಸಿನಿಮಾವನ್ನು ಆಸೆಯಿಂದ ಹಾಕಿದ್ದೆ. ಮದುವೆ ಮನೆ ಕಥೆ ಅಂದರೆ ನಮ್ಮ ಕೆಲಸದ ಕಥೆ ತಾನೇ.

ಅದರಲ್ಲಿ ಸಾಹಿಲ್ ಅಂತ ಒಬ್ಬ ಮದುವೆ ಡಿಸೈನರ್ ಬರುತ್ತಾನೆ. ಹೆಸರು ಕೇಳಿ ನಮ್ಮ ಕಡೆಯವನು ಅಂತ ಖುಷಿಯಾಯ್ತು. ಎಲ್ಲಿಯ ಖುಷಿ! ಬರೀ ಕೂಗಾಟ, ಕುಣಿದಾಟ. ಮದುಮಗಳು ಹೇಳಿದ್ದು ಕಿವಿಗೇ ಹೋಗೋದಿಲ್ಲ. ಕೆಲಸ ಗೊತ್ತಿರೋರು ಹಾಗಿರೋದಿಲ್ಲ. ಕೊಡವ ಸೀರೆಗೆ ನೆರಿಗೆ ಹಿಂದೆ ಬರುತ್ತದೆ. ಸೆರಗು ಎಡ ತೋಳಿನ ಕೆಳಗಿಂದ ಬಂದು ಬಲ ಭುಜದ ಮೇಲೆ ಕೂರಬೇಕು. ಹುಡುಗಿ ಇಡೀ ದಿನ ಕೂರಬೇಕು, ಏಳಬೇಕು, ಹಿರಿಯರ ಕಾಲಿಗೆ ಬಗ್ಗಬೇಕು. ಹಿಂದಿನ ನೆರಿಗೆ ಒಂಚೂರು ಜಾಸ್ತಿ ಬಿಗಿದರೆ ಅವಳು ಬಗ್ಗೋಕೆ ಆಗೋದಿಲ್ಲ. ಸಡಿಲ ಬಿಟ್ಟರೆ ಊಟದ ಹೊತ್ತಿಗೆ ಜಾರುತ್ತದೆ. ಅದಕ್ಕೆ ಉಡಿಸಿದ ಮೇಲೆ 'ಒಂದ್ಸಲ ಬಗ್ಗು ನೋಡೋಣ' ಅಂತೀನಿ. ಸಾಹಿಲ್ ಅವಳಿಗೆ ಒಂದ್ಸಲ ಕೂಡಾ 'ನಡೆದು ನೋಡು' ಅನ್ನೋದಿಲ್ಲ!

ಇನ್ನು ಜಗಳದ ವಿಷಯ. ಮದುವೆ ಮನೆಯಲ್ಲಿ ಜಗಳ ಎಲ್ಲಿರುತ್ತೆ? ಎಲ್ಲರಿಗೂ ಗೊತ್ತಿರೋದೇ. ಅತ್ತೆಗೂ ಸೊಸೆಗೂ ಇರಬೇಕು. ಇಲ್ಲಿ ಅತ್ತೆ ಯಾರು? ರಾಣಿ ಹೆಲೆನಾ, ಅಲಿಸ್ ಕ್ರೀಗ್ ಮಾಡಿದ್ದಾರೆ. ಅವರ ಕಣ್ಣು ನೋಡಿದರೇ ಸಾಕು, ಸೊಸೆಯನ್ನು ನಡುಗಿಸಬಲ್ಲರು. ಅಂಥವರನ್ನು ಇಟ್ಟುಕೊಂಡು ಬರೀ ನಗಿಸಿದ್ದಾರೆ. ಜಗಳ ಮಾಡೋಕೆ ಮೊದಲ ಸಿನಿಮಾದಲ್ಲೂ ಇದ್ದ ಮಿಸೆಸ್ ಏವರಿಲ್ ಅವರನ್ನು ಬಿಟ್ಟಿದ್ದಾರೆ, ರೀತಿ ರಿವಾಜು ಕಲಿಸೋರು. ಅತ್ತೆ ಒಳ್ಳೆಯವಳು, ಗಂಡ ಒಳ್ಳೆಯವನು, ನಾದಿನಿ ಗೆಳತಿ. ಇಂಥ ಮನೆಗೆ ಮಗಳನ್ನು ಕೊಡಬಹುದು, ಸಿನಿಮಾ ಮಾಡೋಕಾಗಲ್ಲ.

ನಮ್ಮಲ್ಲಿ ಮದುವೆ ಮುಗಿದ ಮೇಲೂ ತಡೆ ಇದೆ ನೋಡಿ. ಗಂಗಾ ಪೂಜೆಗೆ ಮದುಮಗಳು ಬಾವಿಗೆ ಹೋಗಿ ನೀರಿನ ಕೊಡ ಹೊತ್ತುಕೊಂಡು ಬರುತ್ತಾಳೆ. ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಗಂಟೆಗಟ್ಟಲೆ ಬಿಡೋದಿಲ್ಲ. ತಲೆ ಮೇಲೆ ಕೊಡ, ಕಾಲು ನೋವು, ಎದುರಿಗೆ ಕುಡಿದ ಭಾವಂದಿರು. ಹುಡುಗಿ ಒಂದು ಹೆಜ್ಜೆ ಮುಂದೆ ಇಟ್ಟರೆ ಅವರು ಎರಡು ಹೆಜ್ಜೆ ಮುಂದೆ ಬರುತ್ತಾರೆ. ಹೆಣ್ಣಿನ ಕಡೆಯವರಿಗೆ ಸಿಟ್ಟು ಬರೋದೂ ಉಂಟು, ಹಿರಿಯರು ಬಂದು 'ಸಾಕು, ಬಿಡಿ' ಅನ್ನೋವರೆಗೆ ಯಾರಿಗೂ ಗೊತ್ತಿಲ್ಲ ಯಾವಾಗ ಮುಗಿಯುತ್ತೆ ಅಂತ. ಆ ಒಂದು ದಾರಿಯಲ್ಲಿರೋ ಕುತೂಹಲ ಆ ಇಡೀ ಸಿನಿಮಾದಲ್ಲಿಲ್ಲ. ಅಲ್ಲಿ ಒಬ್ಬ ಭಾವ ಅಡ್ಡ ನಿಂತಿದ್ದರೂ ಸಾಕಿತ್ತು.

ಹಗಲುಗನಸು, ಮೂರ್ನಾಡು:

ಅಕ್ಕಾ, ಭಾವ ಇದ್ದಾನಲ್ಲ, ಸೈಮನ್! ಮೊದಲನೆಯದರಲ್ಲಿ ಸಿಂಹಾಸನ ಕಿತ್ತುಕೊಳ್ಳೋಕೆ ಬಂದವನು.

ನೆರಿಗೆ ಅಕ್ಕ, ಪೊನ್ನಂಪೇಟೆ:

ಇದ್ದಾನೆ, ಏನು ಪ್ರಯೋಜನ? ಮೊದಲನೆಯದರಲ್ಲಿ ಒಳ್ಳೇ ಕೆಟ್ಟವನಾಗಿದ್ದ. ಇಲ್ಲಿ ಬಾಲ ಮುದುರಿಕೊಂಡು ವಾಪಸ್ ಬರುತ್ತಾನೆ. ದುಡ್ಡು ಹೊಡೆದವನು ಅವನೇ ಅಂತ ನಮಗೆ ಅನುಮಾನ ಬರಿಸಿ, ಕೊನೆಗೆ ಅವನಲ್ಲ, ಲಾರ್ಡ್ ಲಿಯೋಪೋಲ್ಡ್ ಅನ್ನುತ್ತಾರೆ. ಲಿಯೋಪೋಲ್ಡ್ ಮೊದಲ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಹೊಸದಾಗಿ ಬಂದ ಮುದುಕನೇ ಕಳ್ಳ ಅಂತ ನಮ್ಮನೆ ಕೆಲಸದವಳು ಕಸ ಗುಡಿಸ್ತಾ ಹೇಳಿದ್ದಳು.

ಕೋಟೆ ಬದಿ, ಮಡಿಕೇರಿ:

ರೈಟರ್ ಅವರೇ, ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಸಿನಿಮಾ ನೋಡಿಲ್ಲ, ನೋಡೋದೂ ಇಲ್ಲ. ಆದರೆ ರಾಜಮನೆತನದ ಮದುವೆ ಅಂದಾಗ ನಮ್ಮ ಜಿಲ್ಲೆಯದೇ ಒಂದು ಕಥೆ ಹೇಳದೆ ಇರೋಕೆ ಆಗಲಿಲ್ಲ.

ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಅಲ್ಲಿ ಹುಟ್ಟಿದ ಮಗಳು ಗೌರಮ್ಮ. ಕಂಪನಿ ಹತ್ತಿರ ತನ್ನ ಹಣ ವಾಪಸ್ ಕೇಳೋಕೆ ರಾಜ ಲಂಡನ್‌ಗೆ ಹೊರಟಾಗ ಮಗಳನ್ನೂ ಕರೆದುಕೊಂಡು ಹೋದ. 1852ರಲ್ಲಿ ಅವಳಿಗೆ ದೀಕ್ಷಾಸ್ನಾನ ಆಯ್ತು, ವಿಕ್ಟೋರಿಯಾ ಮಹಾರಾಣಿಯೇ ಧರ್ಮಮಾತೆ. ಹೆಸರಿಗೆ ವಿಕ್ಟೋರಿಯಾ ಸೇರಿತು. ವಯಸ್ಸು ಹನ್ನೊಂದು. ವಿಂಟರ್‌ಹಾಲ್ಟರ್ ಅನ್ನೋ ದೊಡ್ಡ ಚಿತ್ರಕಾರನಿಂದ ರಾಣಿ ಅವಳ ಚಿತ್ರ ಬರೆಸಿದಳು.

ರಾಣಿಗೆ ಒಂದು ಆಸೆ ಇತ್ತು. ಪಂಜಾಬಿನ ಪಟ್ಟ ಕಳೆದುಕೊಂಡ ದುಲೀಪ್ ಸಿಂಗ್ ಕೂಡಾ ಕ್ರೈಸ್ತನಾಗಿ ಅಲ್ಲೇ ಇದ್ದ. ಇಬ್ಬರಿಗೂ ಮದುವೆ ಮಾಡಿಸಬೇಕು ಅಂತ. ಅರ್ಧ ಜಗತ್ತು ಆಳುತ್ತಿದ್ದವಳು ಮಾಡಿದ ಸಂಬಂಧ ಅದು. ದುಲೀಪ್ ಸಿಂಗ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ತನಗಿಂತ ಎಷ್ಟೋ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಒಬ್ಬ ಮಗಳು ಹುಟ್ಟಿದಳು. 1864ರಲ್ಲಿ ಗೌರಮ್ಮ ತೀರಿಕೊಂಡಳು.

ಅರಮನೆಯ ಮದುವೆಯಲ್ಲಿ ಏನೆಲ್ಲಾ ಪಣಕ್ಕೆ ಇರುತ್ತದೆ ಅನ್ನೋದಕ್ಕೆ ಹೇಳಿದೆ. ಮತ ಇದೆ, ಆಸ್ತಿ ಇದೆ, ಕಳೆದುಹೋದ ರಾಜ್ಯ ಇದೆ. ನೀವು ಹೇಳೋ ಸಿನಿಮಾದಲ್ಲಿ ಗೌನಿನ ಜಗಳ ಅಂದಿರಿ.

ತೋಟದ ರೈಟರ್, ಸುಂಟಿಕೊಪ್ಪ:

ಮೇಷ್ಟ್ರೇ, ನಮಸ್ಕಾರ. ಗೌರಮ್ಮನ ಹೆಸರು ಕೇಳಿದ್ದೆ, ದುಲೀಪ್ ಸಿಂಗ್ ಸಂಬಂಧ ಗೊತ್ತಿರಲಿಲ್ಲ. ನಿಮ್ಮ ಬರಹವನ್ನು ಮಗಳಿಗೆ ಓದಿ ಹೇಳಿದೆ. ಫೋನ್ ಕೆಳಗಿಟ್ಟು ಕೇಳಿದಳು, ಅದೇ ದೊಡ್ಡ ವಿಷಯ.

ನನಗೆ ಹಿಡಿಸಿದ್ದು ಆ ಹುಡುಗ 'ಒಲ್ಲೆ' ಅಂದದ್ದು. ವಿಕ್ಟೋರಿಯಾಗೇ ಒಲ್ಲೆ ಅಂದ ನೋಡಿ! ಆಲ್ಡೋವಿಯದ ಎರಡನೇ ಸಿನಿಮಾದಲ್ಲಿ ಯಾರೂ ಯಾರಿಗೂ ಗಟ್ಟಿಯಾಗಿ ಒಲ್ಲೆ ಅನ್ನೋದೇ ಇಲ್ಲ. ಆಂಬರ್ ಒಂದು ಸಲ 'ಈ ಮದುವೆ ಬೇಡ, ನಾನು ನ್ಯೂಯಾರ್ಕಿಗೆ ಹೊರಟೆ' ಅಂದಿದ್ದರೆ ನಾನು ನೆಟ್ಟಗೆ ಕೂರುತ್ತಿದ್ದೆ. ಮುಷ್ಕರದವರಲ್ಲಿ ಒಬ್ಬ ಅರಮನೆ ಗೇಟಿಗೆ ಬಂದು 'ನಮ್ಮ ಸಂಬಳ ಕೊಟ್ಟು ಆಮೇಲೆ ತಾಳಿ ಕಟ್ಟು' ಅಂದಿದ್ದರೆ ಇನ್ನೂ ಚೆನ್ನ. ಕಟ್ಟೋಕೆ ತಾಳಿ ಇಲ್ಲ, ಉಂಗುರ. ಅರ್ಥ ಆಯ್ತಲ್ಲ.

ನೆರಿಗೆ ಅಕ್ಕ, ಗಂಗಾ ಪೂಜೆ ಮಾತು ನೂರಕ್ಕೆ ನೂರು ಸತ್ಯ. ನಮ್ಮ ಧಣಿಗಳ ಮಗನ ಮದುವೆಯಲ್ಲಿ ಕುಣಿತ ಬಿಡಿಸೋಕೆ ಹೋದವರೇ ಕುಣಿಯೋಕೆ ನಿಂತರು.

ಈಗ ಮೂರನೆಯದರ ಬಗ್ಗೆ ಯಾರಾದ್ರೂ ಹೇಳ್ರಪ್ಪ. ಪ್ರಶ್ನೆ ಅದೂ ಇತ್ತು.

ಹಗಲುಗನಸು, ಮೂರ್ನಾಡು:

ನಾನೇ ಹೇಳ್ತೀನಿ ಅಣ್ಣ. 'ದ ರಾಯಲ್ ಬೇಬಿ', 2019ರ ಡಿಸೆಂಬರ್‌ನಲ್ಲಿ ಬಂದದ್ದು. ಆಂಬರ್ ಬಸುರಿ. ಪೆಂಗ್ಲಿಯ ಅನ್ನೋ ಇನ್ನೊಂದು ದೇಶದ ರಾಜ ರಾಣಿ ಬರುತ್ತಾರೆ. 600 ವರ್ಷದ ಹಳೇ ಒಪ್ಪಂದಕ್ಕೆ ಮತ್ತೆ ರುಜು ಹಾಕಬೇಕು. ಅಷ್ಟರಲ್ಲಿ ಆ ಪತ್ರವೇ ಕಳುವಾಗುತ್ತದೆ. ಹೊರಗೆ ಹಿಮ ಬಿರುಗಾಳಿ, ಯಾರೂ ಹೊರಗೆ ಹೋಗೋಹಾಗಿಲ್ಲ. ರುಜು ಆಗದಿದ್ದರೆ ಹುಟ್ಟೋ ಮಗುವಿಗೆ ಶಾಪ ಅಂತೆ.

ಪೆದ್ದುತನ ಇನ್ನೂ ಜಾಸ್ತಿ. ಆದರೆ ಗಡುವು ವಾಪಸ್ ಬಂದಿದೆ, ಕಳ್ಳ ಮನೆಯೊಳಗೇ ಇದ್ದಾನೆ, ಬಸುರಿ ಹೆಂಗಸು ಪತ್ತೇದಾರಿ ಮಾಡುತ್ತಾಳೆ. ನಿರ್ದೇಶಕರು ಎರಡನೆಯದರವರೇ, ಜಾನ್ ಶುಲ್ಟ್ಸ್. ಹಾಗಾಗಿ ತಪ್ಪು ಅವರದ್ದಲ್ಲ, ಕಥೆಯದ್ದು ಅಂತ ನೀವು ಹೇಳಿದ್ದಕ್ಕೆ ಇದೇ ಸಾಕ್ಷಿ. ನಿಮ್ಮ ಮಗಳಿಗೆ ಹೇಳಿ.

ನನ್ನ ಲೆಕ್ಕದಲ್ಲಿ ಮೊದಲನೆಯದು, ಮೂರನೆಯದು, ಆಮೇಲೆ ಎಷ್ಟೋ ದೂರದಲ್ಲಿ ಎರಡನೆಯದು.

ಗೋದಲಿ ಮನೆ, ವಿರಾಜಪೇಟೆ:

ನಾನೂ ಅದೇ ಹೇಳ್ತೀನಿ. ಮೂರನೆಯದು ನೋಡಿ ಅಣ್ಣ, ಎರಡನೆಯದನ್ನು ಮರೀರಿ. ಒಂದು ಎಚ್ಚರಿಕೆ ಏನಂದ್ರೆ, ಅಪ್ಪ ಹಳಬರಲ್ಲ, ಬದಲಾದವರೇ ಮುಂದುವರಿದಿದ್ದಾರೆ. ನಿಮ್ಮ ಹೆಂಡತಿಗೆ ಮೊದಲೇ ಹೇಳಿಬಿಡಿ.

ತೋಟದ ರೈಟರ್, ಸುಂಟಿಕೊಪ್ಪ:

ಹೇಳಿದೆ. 'ಈಗ ಅಭ್ಯಾಸ ಆಗಿದೆ, ಹಾಕಿ' ಅಂದಳು. ಬಟವಾಡೆ ಮುಗಿದ ರಾತ್ರಿ ನೋಡುತ್ತೇವೆ, ಕರೆಂಟ್ ಇದ್ದರೆ. ಆ ಪೆಂಗ್ಲಿಯದವರ ಪತ್ರ ಕದ್ದವನು ಯಾರು ಅಂತ ಮಾತ್ರ ಯಾರೂ ಹೇಳಬೇಡಿ. ಕಥೆ ಹೇಳಿದರೂ ಬೇಜಾರಿಲ್ಲ ಅಂತ ಮೇಲೆ ಬರೆದದ್ದು ಈಗ ವಾಪಸ್.

ನೆರಿಗೆ ಅಕ್ಕ, ಪೊನ್ನಂಪೇಟೆ:

ಹೊಸಬರು ಯಾರಿದ್ದಾರೆ ನೋಡಿಕೊಳ್ಳಿ, ಅಷ್ಟೇ ಹೇಳ್ತೀನಿ.